ಗುಲಗಂಜಿಯ ಜಾಗದಲ್ಲಿ ತೊಲ: ನ್ಯೂಕಾಸಲ್‌ನ ಕೆಫೀನ್ ಪ್ರಕರಣ

2015ರ ಮಾರ್ಚ್. ಇಂಗ್ಲೆಂಡಿನ ಈಶಾನ್ಯಕ್ಕಿರುವ ನ್ಯೂಕಾಸಲ್ ನಗರ. ಅಲ್ಲಿನ ನಾರ್ಥಂಬ್ರಿಯಾ ವಿಶ್ವವಿದ್ಯಾಲಯದಲ್ಲಿ ಕ್ರೀಡಾ ವಿಜ್ಞಾನ ಓದುತ್ತಿದ್ದ ಎರಡನೇ ವರ್ಷದ ಇಬ್ಬರು ಹುಡುಗರು ತಮ್ಮದೇ ವಿಭಾಗದ ಪ್ರಯೋಗವೊಂದಕ್ಕೆ ಹೆಸರು ಕೊಟ್ಟಿದ್ದರು. ವ್ಯಾಯಾಮ ಮಾಡುವಾಗ ಕೆಫೀನ್ ಮೈಗೆ ಏನು ಮಾಡುತ್ತದೆ ಎಂದು ನೋಡುವ ಪ್ರಯೋಗ. ನೀರು, ಕಿತ್ತಳೆ ರಸ, ಅದರಲ್ಲಿ ಕಲಸಿದ ಬಿಳಿ ಪುಡಿ. ಕುಡಿಯಬೇಕು, ವ್ಯಾಯಾಮ ಮಾಡಬೇಕು, ಅಳತೆ ಬರೆದುಕೊಳ್ಳಬೇಕು. ಅಷ್ಟೇ.

ಪುಡಿ ಇರಬೇಕಾಗಿದ್ದದ್ದು 0.3 ಗ್ರಾಂ. ಇದ್ದದ್ದು ಒಬ್ಬನ ಪಾಲಿಗೆ 30.7 ಗ್ರಾಂ, ಇನ್ನೊಬ್ಬನ ಪಾಲಿಗೆ 32 ಗ್ರಾಂ. ನೂರು ಪಟ್ಟು.

ಕುಡಿದ ಸ್ವಲ್ಪ ಹೊತ್ತಿಗೇ ಇಬ್ಬರಿಗೂ ತಲೆ ಸುತ್ತಿತು. ಕಣ್ಣು ಮಂಜಾಯಿತು. ವಾಂತಿ, ನಡುಕ, ಎದೆಬಡಿತ ಎಲ್ಲ ಶುರುವಾದವು. ಆಸ್ಪತ್ರೆಗೆ ಸಾಗಿಸಿದರು. ಇಬ್ಬರನ್ನೂ ಐಸಿಯುಗೆ ಹಾಕಿ ಡಯಾಲಿಸಿಸ್ ಮಾಡಬೇಕಾಯಿತು. ಬದುಕಿ ಬಂದರು. ಆದರೆ ಒಬ್ಬ 12 ಕಿಲೋ ಇಳಿದಿದ್ದ, ಇನ್ನೊಬ್ಬ 10 ಕಿಲೋ. ಒಬ್ಬನಿಗೆ ಈಗಷ್ಟೇ ನಡೆದದ್ದು ನೆನಪಿನಲ್ಲಿ ನಿಲ್ಲದ ತೊಂದರೆಯೂ ಕಾಡಿತು.

ಸಪ್ಲಿಮೆಂಟ್ (ಊಟದ ಜೊತೆಗೆ ಪೂರಕವಾಗಿ ತೆಗೆದುಕೊಳ್ಳುವ ಪುಡಿ, ಮಾತ್ರೆ) ಅಂದರೆ ಕಲಬೆರಕೆ, ಸ್ಟೀರಾಯ್ಡ್, ಕದ್ದುಮುಚ್ಚಿ ಮಾರುವ ಡಬ್ಬ ಇಂಥ ಕಥೆಗಳೇ ನಮಗೆ ಜಾಸ್ತಿ ಕೇಳಿಸುತ್ತವೆ. ಇಲ್ಲಿ ಅದೇನೂ ಇಲ್ಲ. ಪುಡಿಯಲ್ಲಿ ಕಲಬೆರಕೆ ಇರಲಿಲ್ಲ, ಅದು ಶುದ್ಧವಾಗಿದ್ದದ್ದೇ ಕಷ್ಟವಾಯಿತು. ಜಿಮ್ಮಿನ ಗೆಳೆಯ ಕಿವಿಯಲ್ಲಿ ಹೇಳಿ ಕೊಟ್ಟದ್ದೂ ಅಲ್ಲ. ಇದೇ ವಿಷಯವನ್ನು ಪಾಠ ಮಾಡುವ ವಿಭಾಗದೊಳಗೇ, ಹಗಲಲ್ಲೇ, ಎಲ್ಲರೆದುರೇ ನಡೆದದ್ದು. ಅದಕ್ಕೇ ಈ ಪ್ರಕರಣವನ್ನು ಬಿಡಿಸಿ ನೋಡಬೇಕು ಅನ್ನಿಸಿತು.

ಕೆಫೀನ್ ಯಾಕೆ?

ಆ ಪ್ರಯೋಗದಲ್ಲಿ ಹುಚ್ಚಾಟವೇನೂ ಇರಲಿಲ್ಲ. ಆಟಗಾರರಿಗೆಂದು ಮಾರುವ ನೂರಾರು ಪುಡಿ, ಮಾತ್ರೆಗಳಲ್ಲಿ ನಿಜವಾಗಿ ಕೆಲಸ ಮಾಡುತ್ತವೆ ಎಂದು ಗಟ್ಟಿ ಆಧಾರ ಇರುವವು ಬೆರಳೆಣಿಕೆಯಷ್ಟು. ಕೆಫೀನ್ ಅವುಗಳಲ್ಲಿ ಒಂದು, ಕ್ರಿಯಾಟಿನ್ ಇನ್ನೊಂದು. ಕೆಫೀನ್ ಒಂದು ಕಾಲಕ್ಕೆ ಉದ್ದೀಪನ ಮದ್ದುಗಳ ನಿಷೇಧಿತ ಪಟ್ಟಿಯಲ್ಲಿತ್ತು. 2004ರ ಜನವರಿಯಲ್ಲಿ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾ ಅದನ್ನು ಪಟ್ಟಿಯಿಂದ ತೆಗೆಯಿತು. ದೇಹದ ತೂಕದ ಪ್ರತಿ ಕಿಲೋಗೆ 3ರಿಂದ 6 ಮಿಲಿಗ್ರಾಂ ತೆಗೆದುಕೊಂಡರೆ ಓಟ, ಸೈಕ್ಲಿಂಗ್‌ನಂಥವುಗಳಲ್ಲಿ ಒಂದಿಷ್ಟು ಪ್ರಯೋಜನ ಕಾಣುತ್ತದೆ. 9 ಮಿಲಿಗ್ರಾಂಗೆ ಹೋದರೆ ಪ್ರಯೋಜನ ಹೆಚ್ಚುವುದಿಲ್ಲ, ತೊಂದರೆ ಮಾತ್ರ ಹೆಚ್ಚುತ್ತದೆ. ಹಾಗಾಗಿ ಕ್ರೀಡಾ ವಿಜ್ಞಾನದ ವಿದ್ಯಾರ್ಥಿಗಳಿಗೆ ಕೆಫೀನ್ ಕೊಟ್ಟು ಅಳೆದು ನೋಡುವುದು ಮಾಮೂಲಿ ಪಾಠ. 0.3 ಗ್ರಾಂ, ಅಂದರೆ 300 ಮಿಲಿಗ್ರಾಂ, ಆ ಲೆಕ್ಕಕ್ಕೆ ಸರಿಹೊಂದುವ ಪ್ರಮಾಣವೇ.

ನಮ್ಮ ಅಳತೆಗೆ ತಂದು ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಐಸಿಎಂಆರ್ ಪರವಾಗಿ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ 150 ಮಿಲಿಲೀಟರ್ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತದೆ. ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65. ದಿನಕ್ಕೆ 300 ಮಿಲಿಗ್ರಾಂ ದಾಟಬೇಡಿ ಎಂಬುದು ಅದರ ಸಲಹೆ. ಅಂದರೆ ಆ ಹುಡುಗರು ಕುಡಿಯಬೇಕಾಗಿದ್ದದ್ದು ಮೂರು ಲೋಟ ಕಾಫಿಯಷ್ಟು. ಕುಡಿದದ್ದು 300 ಲೋಟದಷ್ಟು. ನಮ್ಮ ಮನೆಯಲ್ಲಿ ದಿನಕ್ಕೆ ಎರಡು ಲೋಟ. ಅದೇ ಲೆಕ್ಕದಲ್ಲಿ 300 ಲೋಟ ಮುಗಿಸಲು ನನಗೆ ಐದು ತಿಂಗಳು ಬೇಕು.

ಕಾಫಿಯಲ್ಲಿ ಹೀಗೆ ಎಡವಲು ಸಾಧ್ಯವೇ ಇಲ್ಲ, ಅಲ್ವಾ? ಹತ್ತನೇ ಲೋಟಕ್ಕೇ ಹೊಟ್ಟೆ ತುಂಬುತ್ತದೆ, ಕೈ ನಡುಗುತ್ತದೆ, ಸಾಕಪ್ಪಾ ಅನ್ನಿಸುತ್ತದೆ. ನೀರು, ಹಾಲು, ಬಿಸಿ, ಕಹಿ ಎಲ್ಲವೂ ಅಡ್ಡ ನಿಲ್ಲುತ್ತವೆ. ಪುಡಿ ಮಾಡಿದಾಗ ಈ ಅಡ್ಡಗಳೆಲ್ಲ ಹೋಗಿರುತ್ತವೆ.

ಮೈಯೊಳಗೆ ಆದದ್ದು

ದಣಿವಾದಾಗ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತಾ ಹೋಗಿ ‘ಇನ್ನು ಮಲಗು’ ಎನ್ನುತ್ತದೆ. ಅದು ಕೂರಬೇಕಾದ ಜಾಗದಲ್ಲಿ ಕೆಫೀನ್ ಬಂದು ಕೂರುತ್ತದೆ. ಆ ಮಾತು ಮಿದುಳಿಗೆ ಕೇಳಿಸುವುದೇ ಇಲ್ಲ. ಬೆಳಗಿನ ಕಾಫಿಯ ಗುಟ್ಟು ಇಷ್ಟೇ.

ಪ್ರಮಾಣ ವಿಪರೀತವಾದಾಗ ಕಥೆ ಬೇರೆ. ಅಡ್ರಿನಲಿನ್‌ನಂಥ ರಾಸಾಯನಿಕಗಳು ರಕ್ತಕ್ಕೆ ಉಕ್ಕುತ್ತವೆ. ಹೃದಯ ಓಡತೊಡಗುತ್ತದೆ. ರಕ್ತದಲ್ಲಿರುವ ಪೊಟ್ಯಾಸಿಯಂ ಜೀವಕೋಶಗಳ ಒಳಗೆ ನುಗ್ಗಿ ಹೊರಗೆ ಕಡಿಮೆ ಬೀಳುತ್ತದೆ. ಓಡುತ್ತಿರುವ ಹೃದಯಕ್ಕೆ ಪೊಟ್ಯಾಸಿಯಂ ಕೊರತೆಯೂ ಸೇರಿದರೆ ಅದರ ತಾಳ ತಪ್ಪುತ್ತದೆ. ಇಂಥ ಪ್ರಕರಣಗಳಲ್ಲಿ ಪ್ರಾಣ ಹೋಗುವುದು ಹೆಚ್ಚಾಗಿ ಇಲ್ಲೇ. ಜೊತೆಗೆ ನಿಲ್ಲದ ವಾಂತಿ, ಕೆಲವರಿಗೆ ಫಿಟ್ಸ್, ಮಾಂಸಖಂಡ ಒಡೆದು ಕಿಡ್ನಿಗೆ ಹೊರೆ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳುವಂತೆ 1,200 ಮಿಲಿಗ್ರಾಂ ಕೆಫೀನನ್ನು ಒಮ್ಮೆಗೇ ನುಂಗಿದರೆ ಫಿಟ್ಸ್‌ನಂಥ ವಿಷದ ಲಕ್ಷಣ ಕಾಣಿಸಿಕೊಳ್ಳಬಹುದು. ಈ ಹುಡುಗರು ಕುಡಿದದ್ದು 30,000ಕ್ಕಿಂತ ಜಾಸ್ತಿ. 18 ಗ್ರಾಂ ಹೊಟ್ಟೆಗೆ ಹೋಗಿಯೇ ಸಾವಾದ ವರದಿ ಹಿಂದೆ ಬಂದಿತ್ತು ಎಂದು ಮುಂದೆ ನ್ಯಾಯಾಲಯದಲ್ಲಿ ಹೇಳಲಾಯಿತು.

ಮಾಮೂಲಿ ಪ್ರಮಾಣದಲ್ಲಿ ಕುಡಿದ ಕೆಫೀನಿನ ಅರ್ಧ ಭಾಗವನ್ನು ಸುಮಾರು ಐದು ಗಂಟೆಯಲ್ಲಿ ಯಕೃತ್ತು ಕರಗಿಸುತ್ತದೆ. ಆದರೆ ಅತಿಯಾಗಿ ಬಂದಾಗ ಅದರ ಕೈ ಸಾಲುವುದಿಲ್ಲ, ಕೆಫೀನ್ ರಕ್ತದಲ್ಲಿ ಇನ್ನೂ ಹೆಚ್ಚು ಹೊತ್ತು ಉಳಿಯುತ್ತದೆ. ಆಗ ಡಯಾಲಿಸಿಸ್ ಉಪಯೋಗಕ್ಕೆ ಬರುತ್ತದೆ. ಕೆಫೀನ್ ತೀರಾ ಸಣ್ಣ ಅಣು, ರಕ್ತದ ಪ್ರೋಟೀನಿಗೆ ಬಿಗಿಯಾಗಿ ಅಂಟಿಕೊಳ್ಳುವುದಿಲ್ಲ. ಹಾಗಾಗಿ ಯಂತ್ರದ ಜರಡಿಯಲ್ಲಿ ಸಲೀಸಾಗಿ ಸೋಸಿಹೋಗುತ್ತದೆ. ಇಬ್ಬರೂ ಬೇಗ ಆಸ್ಪತ್ರೆ ತಲುಪಿದ್ದು, ಏನು ಕುಡಿದಿದ್ದಾರೆ ಎಂಬುದು ಜೊತೆಗಿದ್ದವರಿಗೆ ಗೊತ್ತಿದ್ದದ್ದು ದೊಡ್ಡ ಅನುಕೂಲ. ಹಾಸ್ಟೆಲ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಒಬ್ಬನೇ ಕುಡಿದವನಿಗೆ ಈ ಎರಡೂ ಇರುವುದಿಲ್ಲ.

0.3 ಹೋಗಿ 30 ಆದದ್ದು

ಪ್ರಕರಣದ ನಿಜವಾದ ತಿರುಳು ಇಲ್ಲಿದೆ.

ಲೆಕ್ಕವನ್ನು ಮೊಬೈಲ್ ಫೋನಿನಲ್ಲಿ ಮಾಡಿದ್ದರು. ದಶಮಾಂಶ ಬಿಂದು ತಪ್ಪು ಜಾಗದಲ್ಲಿ ಬಿದ್ದಿತ್ತು. ಪತ್ರಿಕೆಗಳಿಗೆ ಇಷ್ಟು ಸಾಕಾಯಿತು, ‘ಬಿಂದು ತಪ್ಪಿ ಪ್ರಾಣಕ್ಕೇ ಕುತ್ತು’ ಎಂಬ ಧಾಟಿಯಲ್ಲಿ ಬರೆದವು. ಸುಳ್ಳೇನಲ್ಲ. ಆದರೆ ಬಿಂದು ಜಾರುವುದು ಮನುಷ್ಯರ ನಡುವೆ ದಿನಾ ನಡೆಯುವ ಸಂಗತಿ. 300 ಮಿಲಿಗ್ರಾಂ ಎಷ್ಟು ಗ್ರಾಂ ಎಂದು ತಿಳಿಯಲು 1,000ದಿಂದ ಭಾಗಿಸಬೇಕು. ಎರಡು ಸೊನ್ನೆ ಬಿಟ್ಟುಹೋಗಿ 10ರಿಂದ ಭಾಗಿಸಿದರೆ 30 ಬರುತ್ತದೆ. ಅವತ್ತು ಹೀಗೇ ಆಯಿತು ಎಂದು ಹೇಳುತ್ತಿಲ್ಲ, ಜಾರುವುದು ಎಷ್ಟು ಸುಲಭ ಎಂದಷ್ಟೇ ಹೇಳುತ್ತಿದ್ದೇನೆ. ನನಗೆ ಕುತೂಹಲ ಇರುವುದು, ಜಾರಿದ ಬಿಂದುವನ್ನು ಹಿಡಿಯುವವರು ಯಾರೂ ಯಾಕೆ ಇರಲಿಲ್ಲ ಎಂಬುದರ ಬಗ್ಗೆ.

ನ್ಯಾಯಾಲಯದಲ್ಲಿ ಹೊರಬಂದ ಒಂದು ವಿಷಯ ಸುದ್ದಿಗಳಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಯಿತು. ಆ ವಿಶ್ವವಿದ್ಯಾಲಯ ಮೊದಲು ಕೆಫೀನ್ ಮಾತ್ರೆಗಳನ್ನು ಬಳಸುತ್ತಿತ್ತು. ಆಮೇಲೆ ಪುಡಿಗೆ ಬದಲಾಯಿಸಿಕೊಂಡಿತು.

ನನ್ನ ಪ್ರಕಾರ ಅನಾಹುತ ಶುರುವಾದದ್ದು ಆ ಬದಲಾವಣೆಯ ದಿನ. ಒಂದು ಮಾತ್ರೆಯಲ್ಲಿ 100 ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ಸರಿಯಾದ ಲೆಕ್ಕಕ್ಕೆ ಮೂರು ಮಾತ್ರೆ ಸಾಕು. ತಪ್ಪು ಲೆಕ್ಕಕ್ಕೆ 300 ಮಾತ್ರೆ ಬೇಕು. ಒಬ್ಬ ಹುಡುಗನಿಗೆ 300 ಮಾತ್ರೆ ಎಣಿಸಿ ಕೊಡುವ ಮನುಷ್ಯ ಭೂಮಿಯ ಮೇಲೆ ಇಲ್ಲ. ಎಂಟನೆಯದೋ ಹತ್ತನೆಯದೋ ಎಣಿಸುವಾಗಲೇ ಕೈ ನಿಲ್ಲುತ್ತದೆ. ಇಲ್ಲೇನೋ ತಪ್ಪಾಗಿದೆ ಎಂದು ಮತ್ತೆ ಲೆಕ್ಕ ನೋಡುತ್ತಾನೆ. ಮಾತ್ರೆಯಲ್ಲಿ ಅಳತೆ ಕಾರ್ಖಾನೆಯಲ್ಲೇ ಮುಗಿದಿರುತ್ತದೆ, ನಮಗೆ ಉಳಿಯುವುದು ಎಣಿಕೆ ಮಾತ್ರ. ಪುಡಿಯಲ್ಲಿ ಹಾಗಲ್ಲ. ಅಳೆಯುವ ಜವಾಬ್ದಾರಿ ಪೂರ್ತಿ ನಮ್ಮ ತಲೆಗೆ ಬರುತ್ತದೆ. 0.3 ಕೇಳಿದರೂ ಸುರಿಯುತ್ತದೆ, 30 ಕೇಳಿದರೂ ಸುರಿಯುತ್ತದೆ.

ನಮ್ಮ ಅಕ್ಕಸಾಲಿಗರು ಹಿಂದೆ ಚಿನ್ನವನ್ನು ಗುಲಗಂಜಿ ಇಟ್ಟು ತೂಗುತ್ತಿದ್ದರು. ಕೆಂಪು ಮೈ, ಕಪ್ಪು ಚುಕ್ಕೆಯ ಆ ಬೀಜ ಸುಮಾರು 0.12 ಗ್ರಾಂ. 96 ಗುಲಗಂಜಿ ಸೇರಿದರೆ ಒಂದು ತೊಲ. ಈ ಲೆಕ್ಕದಲ್ಲಿ ಹುಡುಗರಿಗೆ ಬೇಕಾಗಿದ್ದದ್ದು ಎರಡೂವರೆ ಗುಲಗಂಜಿ ತೂಕದ ಕೆಫೀನ್. ಸಿಕ್ಕಿದ್ದು ಎರಡೂವರೆ ತೊಲಕ್ಕಿಂತ ಮೇಲೆ. ಎಂಥ ಹೊಸಬ ಅಕ್ಕಸಾಲಿಗನೂ ಗುಲಗಂಜಿಗೂ ತೊಲಕ್ಕೂ ಅದಲುಬದಲು ಮಾಡುತ್ತಿರಲಿಲ್ಲ. ಯಾಕೆಂದರೆ ಹೆಸರೇ ಬೇರೆ, ತಕ್ಕಡಿಯಲ್ಲಿ ಇಡುವ ವಸ್ತುವೇ ಬೇರೆ. ಗ್ರಾಂ ಪದ್ಧತಿ ಎಲ್ಲವನ್ನೂ ಸಲೀಸು ಮಾಡಿತು, ನಿಜ. ಆದರೆ ಗುಲಗಂಜಿಗೂ ತೊಲಕ್ಕೂ ನಡುವೆ ಈಗ ಒಂದು ಚುಕ್ಕೆ ಮಾತ್ರ ಉಳಿದಿದೆ.

ಕಣ್ಣಿಗಾದರೂ ಕಾಣಬೇಕಿತ್ತಲ್ಲ? ಎಫ್‌ಡಿಎ ಅಂದಾಜಿನಲ್ಲಿ ಒಂದು ಟೀ ಚಮಚ ಶುದ್ಧ ಕೆಫೀನ್ ಪುಡಿ ಅಂದರೆ ಸುಮಾರು 3,200 ಮಿಲಿಗ್ರಾಂ. 0.3 ಗ್ರಾಂ ಅಂದರೆ ಚಮಚದ ಹತ್ತನೇ ಒಂದು ಭಾಗ, ಒಂದು ಚಿಟಿಕೆ. 30 ಗ್ರಾಂ ಅಂದರೆ ಒಂಬತ್ತು ಹತ್ತು ಚಮಚ. ಇನ್ನೊಂದು ಸುಳಿವೂ ಇದೆ. ಕೋಣೆಯ ಬಿಸಿಯಲ್ಲಿ 100 ಮಿಲಿಲೀಟರ್ ನೀರಿನಲ್ಲಿ ಕರಗುವುದು ಸುಮಾರು ಎರಡು ಗ್ರಾಂ ಕೆಫೀನ್ ಮಾತ್ರ. 30 ಗ್ರಾಂ ಪೂರ್ತಿ ಕರಗಲು ಒಂದೂವರೆ ಲೀಟರ್ ನೀರು ಬೇಕು. ಮಾಮೂಲಿ ಲೋಟದಲ್ಲಿ ಅದನ್ನು ಕಲಸಿದರೆ ಪಾನಕ ಆಗುವುದಿಲ್ಲ, ತಳದಲ್ಲಿ ಬಿಳಿ ಗಸಿ ನಿಲ್ಲುತ್ತದೆ. ಜೊತೆಗೆ ಕಡುಕಹಿ.

ಇಷ್ಟೆಲ್ಲ ಸುಳಿವಿದ್ದರೂ ಗೊತ್ತಾಗದೇ ಹೋದದ್ದಕ್ಕೆ ಕಾರಣ ದಡ್ಡತನ ಅಲ್ಲ ಎಂದು ನನ್ನ ಅನಿಸಿಕೆ. ಸಾರಿಗೆ ಒಂಬತ್ತು ಚಮಚ ಉಪ್ಪು ಬೀಳುತ್ತಿದ್ದರೆ ನಾವು ಓಡಿಬಂದು ಕೈ ಹಿಡಿಯುತ್ತೇವೆ. ಯಾಕೆಂದರೆ ಉಪ್ಪಿನ ಕಣ್ಣಳತೆ ನಮಗೆ ರೂಢಿ. ಬಿಳಿ ಪುಡಿಯ ಕಣ್ಣಳತೆ ರೂಢಿಯಾಗಿರುವುದು ಪ್ರೋಟೀನ್ ಡಬ್ಬದಿಂದ. ಅಲ್ಲಿ ಒಂದು ಸ್ಕೂಪ್, ಅಂದರೆ ಡಬ್ಬದೊಳಗಿನ ಅಳತೆ ಚಮಚದ ತುಂಬ ಪುಡಿ, 30 ಗ್ರಾಂ ಆಸುಪಾಸು! ಜಿಮ್ಮಿಗೆ ಹೋಗುವ ಯಾವ ಹುಡುಗನಿಗೂ ಲೋಟದಲ್ಲಿ 30 ಗ್ರಾಂ ಪುಡಿ ಇದ್ದರೆ ವಿಚಿತ್ರ ಅನ್ನಿಸುವುದಿಲ್ಲ. ದಿನಾ ನೋಡುವ ನೋಟವೇ ಅದು.

ಉಳಿದ ಲೋಪಗಳೂ ಬಯಲಾದವು. ಪ್ರಯೋಗ ನಡೆಸಿದ ಸಿಬ್ಬಂದಿ ಅದನ್ನು ಹಿಂದೆ ತಾವೇ ಸ್ವತಂತ್ರವಾಗಿ ಮಾಡಿದವರಲ್ಲ. ಅವರಿಗೆ ಗೊತ್ತಿದೆಯೋ ಇಲ್ಲವೋ ಎಂದು ಸಂಸ್ಥೆ ಖಾತ್ರಿ ಮಾಡಿಕೊಂಡಿರಲಿಲ್ಲ. ಏನು ಎಡವಟ್ಟಾಗಬಹುದು ಎಂದು ಮುಂಚೆ ಕೂತು ಯೋಚಿಸಿ ಬರೆದಿಡುವ ಕೆಲಸ ನಡೆದಿರಲಿಲ್ಲ. ಇನ್ನು ಆ ಹುಡುಗರು? ಕೊಡುತ್ತಿರುವವರು ತಮ್ಮದೇ ವಿಭಾಗದವರು. ಅಲ್ಲಿ ನಿಂತು ‘ಸರ್, ಇದು ಜಾಸ್ತಿ ಆಯ್ತಲ್ವಾ?’ ಎಂದು ಕೇಳಲು ಎಷ್ಟು ಜನ ವಿದ್ಯಾರ್ಥಿಗಳಿಗೆ ಬಾಯಿ ಬರುತ್ತದೆ?

ದಂಡ

2017ರ ಜನವರಿಯಲ್ಲಿ ನ್ಯೂಕಾಸಲ್ ಕ್ರೌನ್ ಕೋರ್ಟ್ ವಿಶ್ವವಿದ್ಯಾಲಯಕ್ಕೆ 4,00,000 ಪೌಂಡ್ ದಂಡ ಹಾಕಿತು. ಆಗಿನ ಲೆಕ್ಕಕ್ಕೆ ಮೂರು ಕೋಟಿ ರೂಪಾಯಿಗೂ ಹೆಚ್ಚು. ಕೇಸು ನಡೆದದ್ದು ಕೆಲಸದ ಜಾಗದ ಸುರಕ್ಷತೆಯ ಕಾನೂನಿನಡಿ. ವಿಶ್ವವಿದ್ಯಾಲಯ ತಪ್ಪು ಒಪ್ಪಿಕೊಂಡಿತು. ಹೊಣೆ ಸಂಸ್ಥೆಯ ಮೇಲೆ ಬಿದ್ದದ್ದು ಸರಿ ಎಂದೇ ನನಗನ್ನಿಸುತ್ತದೆ. ಲೆಕ್ಕ ತಪ್ಪಿಸಿದವನನ್ನು ಹಿಡಿದು ಬಡಿದರೆ ಮುಂದಿನ ವರ್ಷ ಇನ್ನೊಬ್ಬನ ಲೆಕ್ಕ ತಪ್ಪುತ್ತದೆ.

ಲ್ಯಾಬಿನ ಹೊರಗೆ

ಅದೇ 2015ರಲ್ಲಿ ಅಮೆರಿಕದ ಐದು ವಿಶ್ವವಿದ್ಯಾಲಯಗಳ 1,248 ವಿದ್ಯಾರ್ಥಿಗಳ ಸಮೀಕ್ಷೆಯೊಂದು ಪ್ರಕಟವಾಯಿತು. ಶೇಕಡಾ 66 ಮಂದಿ ವಾರಕ್ಕೊಮ್ಮೆಯಾದರೂ ಯಾವುದಾದರೊಂದು ಸಪ್ಲಿಮೆಂಟ್ ತೆಗೆದುಕೊಳ್ಳುತ್ತಿದ್ದರು. ಶೇಕಡಾ 12 ಮಂದಿ ವಾರಕ್ಕೆ ಐದು ಅಥವಾ ಅದಕ್ಕಿಂತ ಹೆಚ್ಚು ಬಗೆಯವನ್ನು ತೆಗೆದುಕೊಳ್ಳುತ್ತಿದ್ದರು. ಇವರಲ್ಲಿ ಹೆಚ್ಚಿನವರ ಕೈಯಲ್ಲಿದ್ದದ್ದು ವಿಟಮಿನ್ ಮಾತ್ರೆಯಂಥ ಸಾಧು ವಸ್ತು, ನಿಜ. ಆದರೂ ಒಂದು ಯೋಚನೆ ಬರುತ್ತದೆ. ತಕ್ಕಡಿ, ಸಿಬ್ಬಂದಿ ಎಲ್ಲ ಇದ್ದ ಲ್ಯಾಬಿನಲ್ಲೇ ಹೀಗಾದರೆ, ಮಂಚದ ಕೆಳಗೆ ಡಬ್ಬ ಇಟ್ಟುಕೊಂಡವನ ಗತಿ?

2014ರಲ್ಲಿ ಅಮೆರಿಕದ ಓಹಿಯೋದಲ್ಲಿ 18ರ ಒಬ್ಬ ಹುಡುಗ ಕೆಫೀನ್ ಪುಡಿಯಿಂದ ತೀರಿಕೊಂಡಿದ್ದ. ಹೈಸ್ಕೂಲ್ ಮುಗಿದು ಪದವಿ ಪ್ರದಾನಕ್ಕೆ ಇನ್ನು ಕೆಲವೇ ದಿನ ಇದ್ದವು. ಅಲ್ಲಿಂದ ಎಫ್‌ಡಿಎ ಎಚ್ಚರಿಕೆ ಕೊಡಲು ಶುರು ಮಾಡಿತು. 2018ರಲ್ಲಿ, ಶುದ್ಧ ಕೆಫೀನ್ ಪುಡಿಯನ್ನು ಗ್ರಾಹಕರೇ ಅಳೆದುಕೊಳ್ಳುವಂತೆ ದೊಡ್ಡ ಪೊಟ್ಟಣಗಳಲ್ಲಿ ಮಾರುವುದು ಕಾನೂನಿಗೆ ವಿರುದ್ಧ ಎಂಬ ನಿಲುವಿಗೆ ಬಂತು. ಅಂದರೆ ಕೆಫೀನ್ ಮಾರಬೇಡಿ ಎನ್ನಲಿಲ್ಲ. ಅಳತೆಯನ್ನು ಗ್ರಾಹಕನ ತಲೆಗೆ ಕಟ್ಟಬೇಡಿ ಎಂದಿತು.

ನಮ್ಮಲ್ಲಿ ಎನರ್ಜಿ ಡ್ರಿಂಕ್ ಡಬ್ಬಿಯ ಬಗ್ಗೆ ಅಪ್ಪ ಅಮ್ಮಂದಿರಿಗೆ ವಿಪರೀತ ಭಯ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮದಂತೆ ಅಂಥ ಪಾನೀಯದಲ್ಲಿ ಲೀಟರಿಗೆ 145ರಿಂದ 300 ಮಿಲಿಗ್ರಾಂ ಕೆಫೀನ್ ಇರಬಹುದು. 250 ಮಿಲಿಲೀಟರ್ ಡಬ್ಬಿಗೆ ಹೆಚ್ಚೆಂದರೆ 75 ಮಿಲಿಗ್ರಾಂ. ಒಂದು ಲೋಟ ಡಿಕಾಕ್ಷನ್ ಕಾಫಿಗಿಂತ ಕಡಿಮೆಯೇ. ಸಕ್ಕರೆಯ ವಿಷಯ ಬೇರೆ, ಅದಕ್ಕೆ ಬೈದರೆ ನ್ಯಾಯ. ಅದೇ ಮನೆಯಲ್ಲಿ ಜಿಮ್ಮಿಗೆ ಮುಂಚೆ ಕುಡಿಯುವ ಪ್ರಿ-ವರ್ಕೌಟ್ ಡಬ್ಬ ಮೇಜಿನ ಮೇಲೆ ಇದ್ದರೂ ಯಾರೂ ತಿರುಗಿ ನೋಡುವುದಿಲ್ಲ. ಮಗ ಮೈ ಕಟ್ಟುತ್ತಿದ್ದಾನೆ ಎಂಬ ಖುಷಿ. ಅದರ ಒಂದೊಂದು ಸ್ಕೂಪಿನಲ್ಲಿ 150ರಿಂದ 300 ಮಿಲಿಗ್ರಾಂ ಕೆಫೀನ್ ಇರುವುದು ಮಾಮೂಲಿ.

ಆ ಸ್ಕೂಪನ್ನು ನಮ್ಮ ಹುಡುಗರು ತುಂಬುವ ರೀತಿ ನೋಡಬೇಕು. ಡಬ್ಬದ ಅಂಚಿಗೆ ಸವರಿ ಸಮ ಮಾಡುವವರು ಕಡಿಮೆ. ಗೋಪುರ ಏರಿಸುವವರೇ ಜಾಸ್ತಿ. ಮಳೆಗಾಲದಲ್ಲಿ ಪುಡಿ ಗಂಟು ಕಟ್ಟಿದರೆ ಅದೇ ಸ್ಕೂಪಿನಲ್ಲಿ ಒತ್ತಿ ತುಂಬುತ್ತಾರೆ. ನಿನ್ನೆ ಕಿಕ್ ಹೊಡೆಯಲಿಲ್ಲ ಎಂದು ಇವತ್ತು ಎರಡು ಸ್ಕೂಪ್. ನೀರೇ ಇಲ್ಲದೆ ಬಾಯಿಗೆ ಸುರಿದುಕೊಳ್ಳುವ ‘ಡ್ರೈ ಸ್ಕೂಪ್’ ಶೋಕಿ ಬೇರೆ ಬಂದಿದೆ. ಗೋಪುರದ ಎರಡು ಸ್ಕೂಪ್, ಬೆಳಗಿನ ಎರಡು ಕಾಫಿ, ಪರೀಕ್ಷೆಗೆ ಓದುವ ರಾತ್ರಿಗೆ ಒಂದು ಎನರ್ಜಿ ಡ್ರಿಂಕ್ ಡಬ್ಬಿ. ಕೂಡಿಸಿ ನೋಡಿ, 800 ಮಿಲಿಗ್ರಾಂ ದಾಟುವುದು ಕಷ್ಟವಲ್ಲ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಆರೋಗ್ಯವಂತ ವಯಸ್ಕರಿಗೆ ಒಂದು ಸಲಕ್ಕೆ 200, ದಿನಕ್ಕೆ 400 ಮಿಲಿಗ್ರಾಂವರೆಗೆ ಚಿಂತೆಯಿಲ್ಲ ಎನ್ನುತ್ತದೆ. ನಮ್ಮವರು 300ಕ್ಕೇ ಗೆರೆ ಎಳೆದಿದ್ದಾರೆ.

ಲೇಬಲ್ ಓದುವಾಗ ಒಂದು ಸಣ್ಣ ತೊಡಕಿದೆ. ‘ಕೆಫೀನ್ ಅನ್‌ಹೈಡ್ರಸ್’ ಎಂದಿದ್ದರೆ ಅದು ನ್ಯೂಕಾಸಲ್‌ನಂಥದೇ ಒಣ ಪುಡಿ. ಗ್ವರಾನಾ (ಒಂದು ಗಿಡದ ಬೀಜ), ಗ್ರೀನ್ ಕಾಫಿ, ಗ್ರೀನ್ ಟೀ ಸಾರ ಎಂದಿದ್ದರೆ ಅವುಗಳಲ್ಲೂ ಕೆಫೀನ್ ಇರುತ್ತದೆ, ಮೊದಲಿನದರ ಜೊತೆ ಕೂಡಿಸಿಕೊಳ್ಳಬೇಕು. ‘ಪ್ರೊಪ್ರೈಟರಿ ಬ್ಲೆಂಡ್’ ಎಂದು ಒಟ್ಟು ತೂಕ ಮಾತ್ರ ಬರೆದಿದ್ದರೆ ಯಾವುದು ಎಷ್ಟು ಎಂದು ತಿಳಿಯುವ ದಾರಿಯೇ ಇಲ್ಲ. ಅಂಥ ಡಬ್ಬವನ್ನು ನಾನಾದರೆ ಅಂಗಡಿಯಲ್ಲೇ ಬಿಟ್ಟು ಬರುತ್ತೇನೆ.

ಕೊನೆಗೆ ವೇಲ್ಸ್‌ನ ಸುದ್ದಿ. ನ್ಯೂಕಾಸಲ್ ಪ್ರಕರಣದ ಜೊತೆಗೇ ಇಟ್ಟು ಓದಬೇಕಾದದ್ದು ಇದು. 2021ರ ಜನವರಿಯಲ್ಲಿ ಕಾಲ್ವಿನ್ ಬೇ ಎಂಬ ಊರಿನಲ್ಲಿ 29ರ ಹರೆಯದ ಜಿಮ್ ತರಬೇತುದಾರನೊಬ್ಬ ಆನ್‌ಲೈನಿನಲ್ಲಿ ಕೆಫೀನ್ ಪುಡಿ ತರಿಸಿಕೊಂಡ. 60ರಿಂದ 300 ಮಿಲಿಗ್ರಾಂ ಒಳಗೆ ತೆಗೆದುಕೊಳ್ಳಬೇಕು ಎಂಬುದು ಅವನಿಗೆ ಗೊತ್ತಿತ್ತು. ಬೇಕಾಬಿಟ್ಟಿ ಸುರಿದುಕೊಂಡವನಲ್ಲ, ತಕ್ಕಡಿ ಇಟ್ಟುಕೊಂಡೇ ತೂಗಿದ. ಆದರೆ ಅದು ಅಡುಗೆಮನೆಯಲ್ಲಿ ಹಿಟ್ಟು, ಸಕ್ಕರೆ ತೂಗುವಂಥ ತಕ್ಕಡಿ. 2 ಗ್ರಾಂನಿಂದ 5,000 ಗ್ರಾಂವರೆಗೆ ತೋರಿಸುವಂಥದು. ಅವನಿಗೆ ಬೇಕಾಗಿದ್ದ ಅಳತೆ ಆ ತಕ್ಕಡಿಯ ಕಣ್ಣಿಗೆ ಬೀಳುವುದೇ ಇಲ್ಲ. ಅದು ಅಂಕಿ ತೋರಿಸುವ ಹೊತ್ತಿಗೆ ಪುಡಿ ಗ್ರಾಂಗಳಲ್ಲಿ ಬಿದ್ದಿತ್ತು. ಅವನು ಕುಡಿದದ್ದು 5 ಗ್ರಾಂವರೆಗೂ ಇದ್ದಿರಬಹುದು ಎಂದು ಲೆಕ್ಕ ಹಾಕಿದರು. ಸ್ವಲ್ಪ ಹೊತ್ತಿಗೆ ಎದೆ ಜೋರಾಗಿ ಬಡಿದುಕೊಳ್ಳುತ್ತಿದೆ ಎಂದು ಮಲಗಿದವನು ಬದುಕಲಿಲ್ಲ. ರಕ್ತದಲ್ಲಿ ಲೀಟರಿಗೆ 392 ಮಿಲಿಗ್ರಾಂ ಕೆಫೀನ್ ಇತ್ತು.

ಸಾವಿನ ವಿಚಾರಣೆ 2022ರಲ್ಲಿ ನಡೆಯಿತು. ಪುಡಿ ಮಾರಿದ್ದ ಕಂಪನಿ ಅಷ್ಟು ಹೊತ್ತಿಗೆ ಪೊಟ್ಟಣದ ಜೊತೆ ಒಂದು ಅಳತೆ ಚಮಚ ಕೊಡಲು ಶುರು ಮಾಡಿತ್ತು.